ಹೊಸ ಸೀರೆಯನ್ನು ಹಳೆಯದು ಮಾಡಿದವಳು

ಮೇದಿನಿ ಬೆಳೆದದ್ದು ವಡೋದರಾದ ಗೋರ್ವಾದಲ್ಲಿ. ತಂದೆ ವಾಮನರಾವ್ ವಿಮಾ ಕಚೇರಿಯ ವರ್ಗಾವಣೆ ಮೇಲೆ ಗದಗಿನಿಂದ ಬಂದು ಅಲ್ಲೇ ನಿಂತವರು. ಮಗಳು ರಂಗವಿನ್ಯಾಸ ಓದುತ್ತೇನೆ ಅಂದಾಗ ಅವರು ಬೇಡವೆನ್ನಲಿಲ್ಲ, ಅರ್ಥವೂ ಆಗಲಿಲ್ಲ.

ಎರಡನೇ ವರ್ಷದಲ್ಲಿ ಅವಳು ಮೊದಲ ಸಲ ಒಂದು ನಾಟಕಕ್ಕೆ ಬಟ್ಟೆ ಸಿದ್ಧಪಡಿಸಿದಳು. ಚಾಳಿನ ಒಂಟಿ ಕೋಣೆಗಳಲ್ಲಿ ಬದುಕುವ ಬಡವರ ಕಥೆ. ಅಂಗಡಿಯಿಂದ ತಂದ ಅಗ್ಗದ ಸೀರೆಗಳು ದೀಪದ ಕೆಳಗೆ ಫಳಫಳ ಹೊಳೆದವು. ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, "ಎಲ್ಲರೂ ಮದುವೆಗೆ ಹೊರಟ ಹಾಗಿದೆ" ಎಂದು ಗುಜರಾತಿಯಲ್ಲಿ ಪಿಸುಗುಟ್ಟಿದ್ದು ಪರದೆಯ ಮರೆಯಲ್ಲಿದ್ದ ಮೇದಿನಿಗೆ ಕೇಳಿಸಿತು. ಆ ಮಾತು ಅವಳನ್ನು ಬಿಡಲಿಲ್ಲ.

ಕೊನೆಯ ವರ್ಷ ಪ್ರತಿಯೊಬ್ಬರೂ ಹೊರಗೆ ಎಲ್ಲಾದರೂ ಕೆಲಸ ಕಲಿಯಬೇಕಿತ್ತು. ಸಹಪಾಠಿ ಆಕಾಶ್ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮದುವೆ ಮಂಟಪ ಕಟ್ಟುವ ಕಂಪನಿ ಸೇರಿದ.

"ನೀನೂ ಬಾ, ಜಾಗ ಇದೆ" ಎಂದ.

"ನಾನು ಬಟ್ಟೆ ಹಳೇದು ಮಾಡೋದು ಕಲೀಬೇಕು" ಎಂದಳು ಮೇದಿನಿ.

ಅದನ್ನು ಯಾರು ಕಲಿಸುತ್ತಾರೋ ಗೊತ್ತಿರಲಿಲ್ಲ. ಬಣ್ಣ ಬಲ್ಲವರು ಸೂರತ್‌ನಲ್ಲಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಅಲ್ಲಿನ ಪಾಂಡೇಸರಾದ ಬಟ್ಟೆ ಗಿರಣಿಗಳಿಗೆ ಕಳಿಸಿದ ಇಮೇಲ್‌ಗಳಿಗೆ ಉತ್ತರ ಬರಲಿಲ್ಲ. ರೈಲು ಹತ್ತಿ ಹೋದಳು. ಒಂದೊಂದು ಗೇಟಿನಲ್ಲೂ ವಾಪಸ್ ಕಳಿಸಿದರು. ಮುಂದಿನ ವಾರ ಮತ್ತೆ ಹೋದಳು. ಕೊನೆಗೆ ಒಂದು ಗಿರಣಿಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥರು ಹೊರಗೆ ಬಂದರು. ದಾವಣಗೆರೆಯ ಕೃಷ್ಣಮೂರ್ತಿ.

ಹೆಸರು, ಊರು ಕೇಳಿ ಅವಳು ಕನ್ನಡಕ್ಕೆ ಹೊರಳಿದಳು. ಅವರು ಕರಗಲಿಲ್ಲ. "ಕನ್ನಡದೋಳು ಅಂತ ಒಳಗೆ ಬಿಡೋಕಾಗಲ್ಲಮ್ಮ. ಏನು ಬೇಕು ಹೇಳು."

"ಬಣ್ಣ ಹೆಂಗ ಹೋಗ್ತದ ಅಂತ ಕಲೀಬೇಕ್ರಿ."

ಅವರು ನಕ್ಕುಬಿಟ್ಟರು. "ಬಣ್ಣ ಹೋಗಬಾರದು ಅಂತಾನೇ ನನಗೆ ಸಂಬಳ ಕೊಡ್ತಾರೆ."

"ಹಂಗಾದ್ರ ಅದು ಯಾಕ ಹೋಗ್ತದ ಅನ್ನೋದು ನಿಮಗೇ ಚಲೋ ಗೊತ್ತಿರಬೇಕಲ್ರಿ."

ಕೃಷ್ಣಮೂರ್ತಿ ಗೇಟು ತೆಗೆಸಿದರು. ಯಂತ್ರಗಳ ಹತ್ತಿರ ಬಿಡಲಿಲ್ಲ, ಆದರೆ ಪರೀಕ್ಷಾ ಕೋಣೆಯಲ್ಲಿ ಕೂರಲು ಮಾಲೀಕರ ಒಪ್ಪಿಗೆ ಕೊಡಿಸಿದರು. ಅಲ್ಲಿ ಬಟ್ಟೆಯ ತುಂಡುಗಳನ್ನು ಒಗೆದು, ತಿಕ್ಕಿ, ಉರಿಬೆಳಕಿಗೆ ಹಿಡಿದು ಬಣ್ಣ ಎಷ್ಟು ತಾಳುತ್ತದೆಂದು ನೋಡುತ್ತಿದ್ದರು. ಬಟ್ಟೆಯ ಮುಪ್ಪನ್ನು ಮೊದಲೇ ತರಿಸಿ ನೋಡುವ ಕೋಣೆ. ಮೇದಿನಿಗೆ ಬೇಕಾಗಿದ್ದೂ ಅದೇ.

"ಪಾಲಿಯೆಸ್ಟರ್ ಹಠಮಾರಿ, ನಿನ್ನ ಮಾತು ಕೇಳಲ್ಲ. ಹತ್ತಿ ಸೀರೆ ತಗೊಂಡು ಬಾ" ಎಂದರು ಕೃಷ್ಣಮೂರ್ತಿ.

ಮೊದಲನೇ ಸೀರೆಯನ್ನು ಬ್ಲೀಚಿನಲ್ಲಿ ಅದ್ದಿದಳು. ಅದು ಉದ್ದಕ್ಕೂ ಒಂದೇ ಸಮ ಬಿಳಿಚಿಕೊಂಡು ಕಾಯಿಲೆಯವರ ಹಾಗೆ ಕಂಡಿತೇ ಹೊರತು ಹಳೆಯದಾಗಿ ಕಾಣಲಿಲ್ಲ. ಎರಡನೆಯದು ತಿಕ್ಕಿ ತಿಕ್ಕಿ ಕೈಯಲ್ಲೇ ಹರಿಯಿತು. ಎಲ್ಲಿ ತಪ್ಪಿತೆಂದು ಕೃಷ್ಣಮೂರ್ತಿಯವರಿಗೂ ಹೊಳೆಯಲಿಲ್ಲ. ಅವರ ಕೈಗೆ ಬರುತ್ತಿದ್ದದ್ದು ಬರೀ ಬಟ್ಟೆಯ ತುಂಡು, ಯಾರೋ ಉಟ್ಟ ಸೀರೆಯಲ್ಲ.

ಅವಳು ಉಟ್ಟವರನ್ನು ನೋಡತೊಡಗಿದಳು. ರೈಲಿನಲ್ಲಿ, ಗಿರಣಿಯ ಅಂಗಳದಲ್ಲಿ ಹೆಂಗಸರ ಸೀರೆಗಳು ಎಲ್ಲಿ ಸವೆದಿವೆ ಎಂದು ಗಮನಿಸಿದಳು. ಮಗುವನ್ನು ಎತ್ತಿಕೊಳ್ಳುವ ಸೊಂಟದ ಮೇಲೆ, ಕೈ ಒರೆಸುವ ಸೆರಗಿನ ತುದಿಯಲ್ಲಿ, ನೆಲಕ್ಕೆ ತಗಲುವ ಅಂಚಿನಲ್ಲಿ. ನೆರಿಗೆಯ ಒಳಗೆ ಮಾತ್ರ ಬಣ್ಣ ಹೊಸದಾಗಿಯೇ ಉಳಿದಿರುತ್ತಿತ್ತು. ಮುಂದಿನ ಸೀರೆಯನ್ನು ಆ ಜಾಗಗಳಲ್ಲಷ್ಟೇ ಉಜ್ಜುಕಾಗದದಿಂದ ತಿಕ್ಕಿದಳು, ಚಹಾದ ಡಿಕಾಕ್ಷನ್ ಹಚ್ಚಿದಳು, ಒಗೆದಳು, ಮತ್ತೆ ತಿಕ್ಕಿದಳು. ಬೆರಳ ತುದಿಗಳು ಸುಲಿದವು. ಪಟ್ಟಿ ಸುತ್ತಿಕೊಂಡು ಮುಂದುವರಿಸಿದಳು.

ಆ ಸೀರೆ ಕಾಲೇಜಿನ ಕೊನೆಯ ವರ್ಷದ ನಾಟಕಕ್ಕೆ. ಮನೆಗೆಲಸದ ಹೆಂಗಸಿನ ಪಾತ್ರ ಮಾಡುತ್ತಿದ್ದ ಐಶ್ವರ್ಯಾ ಅದನ್ನು ಬಿಡಿಸಿ ನೋಡಿ ಕೆಳಗಿಟ್ಟಳು.

"ಬೇರೆಯವರು ಉಟ್ಟು ಬಿಟ್ಟಿದ್ದನ್ನ ನಾನು ಉಡಲ್ಲ."

"ಯಾರೂ ಉಟ್ಟಿಲ್ಲ."

"ಸುಳ್ಳು ಹೇಳಬೇಡ. ಸೊಂಟದ ಹತ್ತಿರ ನೋಡು, ಯಾರೋ ವರ್ಷಗಟ್ಟಲೆ ಮಗು ಹೊತ್ತಿದ್ದಾರೆ."

ಮೇದಿನಿ ಪಟ್ಟಿ ಸುತ್ತಿದ ಬೆರಳುಗಳನ್ನು ಅವಳ ಮುಂದೆ ಚಾಚಿದಳು. ಐಶ್ವರ್ಯಾ ಬೆರಳುಗಳನ್ನೊಮ್ಮೆ, ಸೀರೆಯನ್ನೊಮ್ಮೆ ನೋಡಿ ಉಡಲು ಒಳಗೆ ಹೋದಳು.

ಅದೇ ನಾಟಕದ ಅಹಮದಾಬಾದಿನ ಪ್ರದರ್ಶನಕ್ಕೆ ಕೃಷ್ಣಮೂರ್ತಿ ಹೆಂಡತಿಯೊಂದಿಗೆ ಬಂದರು. ನಾಟಕ ಮುಗಿದ ಮೇಲೆ, "ಆ ಸೀರೆ ನಮ್ಮ ಕೋಣೇಲಿ ಹಳೇದಾದದ್ದು ಅಂತ ಇವಳಿಗೆ ಹೇಳಿದೆ, ನಂಬಲಿಲ್ಲ" ಎಂದರು. ಮೇದಿನಿ ಧನ್ಯವಾದ ಹೇಳಿ ಅಲ್ಲಿಗೆ ಬಿಡಲಿಲ್ಲ. "ಮುಂದಿನ ವರ್ಷ ನನ್ನ ಜೂನಿಯರ್‌ಗಳಿಗೂ ಜಾಗ ಕೊಡ್ರಿ" ಎಂದು ಅಲ್ಲೇ ಕೇಳಿದಳು. ಮಾಲೀಕರನ್ನು ಒಪ್ಪಿಸಲು ಒಂದಿಡೀ ಬೇಸಿಗೆ ಹಿಡಿಯಿತು. ಈಗ ಪ್ರತಿ ವರ್ಷ ಇಬ್ಬರು ವಿದ್ಯಾರ್ಥಿಗಳು ಆ ಪರೀಕ್ಷಾ ಕೋಣೆಯಲ್ಲಿ ಕೂರುತ್ತಾರೆ.

ಮೇದಿನಿ ಈಗ ಅಹಮದಾಬಾದಿನಲ್ಲಿದ್ದುಕೊಂಡು ನಾಟಕ ತಂಡಗಳಿಗೆ ಬಟ್ಟೆ ಮಾಡಿಕೊಡುತ್ತಾಳೆ. ವಿದ್ಯಾರ್ಥಿಗಳನ್ನು ಪ್ರಿಂಟಿಂಗ್ ವಿಭಾಗಕ್ಕೂ ಬಿಡಿ ಎಂದು ಮಾಲೀಕರನ್ನು ಕೇಳಿದ್ದಾಳೆ, ಅವರು ಆಗದು ಎಂದಿದ್ದಾರೆ. ಸೋಮವಾರದ ಸೂರತ್ ರೈಲಿಗೆ ಟಿಕೆಟ್ ತೆಗೆಸಿದ್ದಾಳೆ.