ಹೋದ ಹಡಗು, ಬಂದ ಹಡಗು

ನಮ್ಮ ತಾತನ ಶ್ರಾದ್ಧ ಮಾಘ ಮಾಸದಲ್ಲಿ. ಅದು ತಾತ ಸತ್ತ ತಿಥಿಯಲ್ಲ. ಸತ್ತಿರಬೇಕೆಂದು ಮನೆಯವರು ತೀರ್ಮಾನಿಸಿ, ದರ್ಭೆಯಲ್ಲಿ ಆಳಿನಾಕಾರದ ಬೊಂಬೆ ಮಾಡಿ ಸುಟ್ಟು ಬಂದ ತಿಥಿ. ಅಪ್ಪನಿಗೆ ಆಗ ಎಂಟು ವರ್ಷ. ಬೊಂಬೆಗೆ ಕೊಳ್ಳಿ ಇಟ್ಟವರು ಅವರೇ.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಶ್ರಾದ್ಧದ ದಿನ ಊಟ ಮುಗಿಸಿ, ಮೈಸೂರಿನ ಜಯಲಕ್ಷ್ಮಿಪುರಂನ ತಮ್ಮ ಮನೆಯ ಜಗಲಿಯಲ್ಲಿ ಕೂತ ಅಪ್ಪ ನನ್ನನ್ನು ಕರೆದರು. "ನಿಜವಾದ ತಿಥಿ ಯಾವುದು ಅಂತ ಗೊತ್ತಾದ್ರೆ ಸಾಕಿತ್ತು ಕಣಮ್ಮ. ತಪ್ಪು ದಿನ ಪಿಂಡ ಇಟ್ಟು ಇಟ್ಟು ನನಗೂ ವಯಸ್ಸಾಯ್ತು. ನೀನು ಆಫೀಸಿನವಳು, ನಾಲ್ಕು ಕಡೆ ಕಾಗದ ಬರೆದು ವಿಚಾರಿಸ್ತೀಯಾ?"

ಹೂಂ ಅಂದೆ. ಆ ಒಂದು ಹೂಂಗೆ ಹತ್ತು ವರ್ಷ ಹಿಡಿಯುತ್ತದೆ ಎಂದು ಗೊತ್ತಿದ್ದರೆ ತಲೆನೋವೆಂದು ಒಳಗೆ ಹೋಗಿ ಮಲಗುತ್ತಿದ್ದೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ ಇಷ್ಟು. ತಾತ ಮದರಾಸಿನಲ್ಲಿ ಹಡಗು ಹತ್ತಿ ಪಿನಾಂಗಿಗೆ ಹೋದರು. ಅಲ್ಲಿ ರಬ್ಬರ್ ತೋಟವೊಂದರಲ್ಲಿ ಗುಮಾಸ್ತೆಯಾದರು. ಎರಡು ಕಾಗದ ಬಂದವು, ಆಮೇಲೆ ಸುದ್ದಿಯಿಲ್ಲ. ಹಾಗೆ ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕಂತೆ. ಅರಮನೆಯ ಕಚೇರಿಯಲ್ಲಿದ್ದ ತಾತನ ಅಣ್ಣ ಮೂರು ವರ್ಷವೂ ಕಾಯಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. ತಮ್ಮ ಸಮುದ್ರ ದಾಟಿದ್ದಾನೆ ಎಂದರೆ ಬೀಗರು ಮೂಗು ಮುರಿಯುವ ಕಾಲ. ಸತ್ತಿದ್ದಾನೆ ಎಂದರೆ ಯಾರ ತಕರಾರೂ ಇಲ್ಲ. ಕರ್ಮ ಮಾಡಿ ಮುಗಿಸಿದರು.

ಅಜ್ಜಿಗೆ ಆಗ ಇಪ್ಪತ್ತನಾಲ್ಕು. ಕುಂಕುಮ ಅಳಿಸಿ, ಬಳೆ ಒಡೆದು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿದರು. ಆ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೇ ಇನ್ನು ನಲವತ್ತು ವರ್ಷ ಮಡಿಯಲ್ಲಿ ಅಡಿಗೆ ಮಾಡಿದರು. ನಾನು ಕಂಡದ್ದು ಆ ಅಜ್ಜಿಯನ್ನು ಮಾತ್ರ.

ಮೊದಲ ಐದಾರು ವರ್ಷ ಬರೀ ಕಾಗದ. ಹಳೇ ಹಡಗುಗಳ ಪ್ರಯಾಣಿಕರ ಪಟ್ಟಿ ಎಲ್ಲೆಲ್ಲಿ ಇದೆಯೆಂದು ಕೇಳಿದೆನೋ ಅಲ್ಲಿಗೆಲ್ಲ ಟೈಪ್ ಮಾಡಿ ಕಳಿಸಿದೆ. ಎರಡು ಸಲ ರಜೆ ಹಾಕಿ ಮದರಾಸಿಗೆ ಹೋಗಿ ಧೂಳು ಕುಡಿದು ಬಂದೆ. ಗುಮಾಸ್ತರ ಹೆಸರುಗಳನ್ನೆಲ್ಲ ಬೆರಳಿಟ್ಟು ನೋಡಿದೆ. ತಾತ ಇಲ್ಲ. ದಿನವೆಲ್ಲ ಆಫೀಸಿನಲ್ಲಿ ಫೈಲು ಹುಡುಕಿ, ಭಾನುವಾರ ಸತ್ತವರನ್ನು ಹುಡುಕುವುದು ನನಗೆ ಸಾಕಾಗಿ ಹೋಗಿತ್ತು. ಅಪ್ಪ ಮಾತ್ರ ಪ್ರತಿ ಭಾನುವಾರ, "ಏನಾದ್ರೂ ಬಂತಾ?" ಎನ್ನುತ್ತಿದ್ದರು. ಒಂದೊಂದು ಸಲ ಕೋಪ ಉಕ್ಕಿ ಬರುತ್ತಿತ್ತು. ಅವರ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ.

ಆಮೇಲೆ ಕುವೆಂಪುನಗರದ ನಮ್ಮ ಮನೆ ಹತ್ತಿರ ಸೈಬರ್ ಸೆಂಟರ್ ಬಂತು. ಅಲ್ಲಿ ಕೂತು ಕಳಿಸಿದ ಇಮೇಲಿಗೆ, ಪಿನಾಂಗಿನಲ್ಲಿ ಹಳೇ ದಾಖಲೆ ಓದುವ ಒಬ್ಬ ಹೆಂಗಸು ಉತ್ತರ ಬರೆದರು. ಅವರು ಕೇಳಿದ್ದು ಒಂದೇ: ಗುಮಾಸ್ತರನ್ನು ಬಿಟ್ಟು ಉಳಿದವರಲ್ಲಿ ಹುಡುಕಿದ್ದೀರಾ? ಹುಡುಕಿರಲಿಲ್ಲ. ಅರಮನೆಯ ಕಚೇರಿಯವರ ತಮ್ಮ ಗುಮಾಸ್ತೆಯಲ್ಲದೆ ಇನ್ನೇನಾಗಿರಲು ಸಾಧ್ಯ ಎಂಬ ಹಮ್ಮು ನಮ್ಮದು. ಆಕೆ ಹುಡುಕಿ ಕಳಿಸಿದ ಪುಟದಲ್ಲಿ ತಾತ ಅಡಿಗೆಯವರ ಪಟ್ಟಿಯಲ್ಲಿದ್ದರು. ಅವರ ಹೆಸರು, ಅವರ ತಂದೆಯ ಹೆಸರು, ನಮ್ಮ ಊರು, ಎಡ ಹುಬ್ಬಿನ ಮೇಲೆ ಗಾಯದ ಕಲೆ. ಬಾವಿಯ ರಾಟೆ ಬಡಿದು ಆದ ಗಾಯವೆಂದು ಅಜ್ಜಿ ಹೇಳುತ್ತಿದ್ದದ್ದು ಅದನ್ನೇ.

ತಿಂಗಳಾದ ಮೇಲೆ ಆಕೆ ಇನ್ನೊಂದು ಪುಟ ಕಳಿಸಿದರು. ಅದು ವಾಪಸು ಹೊರಟವರು ಮದರಾಸಿನಲ್ಲಿ ಇಳಿದ ಪಟ್ಟಿ. ಅದೇ ಹೆಸರು, ಅದೇ ಊರು, ಅದೇ ಕಲೆ. ಅಪ್ಪನ ಪೆಟ್ಟಿಗೆಯಲ್ಲಿ ಆ ವರ್ಷದ ಪಂಚಾಂಗವಿತ್ತು. ಕರ್ಮ ಮಾಡಿದ ದಿನವನ್ನು ತಾತನ ಅಣ್ಣ ಅದರ ಅಂಚಿನಲ್ಲಿ ಬರೆದಿಟ್ಟಿದ್ದರು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಬೊಂಬೆ ಸುಟ್ಟ ಏಳು ತಿಂಗಳಿಗೆ ತಾತ ಜೀವಂತವಾಗಿ ಮದರಾಸಿನಲ್ಲಿ ಇಳಿದಿದ್ದರು.

ಅಲ್ಲಿಂದಾಚೆ ಯಾವ ಪಟ್ಟಿಯೂ ಇಲ್ಲ. ಮೈಸೂರಿಗೆ ಬಂದರೋ, ಅಣ್ಣನೇ ಎದುರಾಗಿ ಹಿಂದಕ್ಕೆ ಕಳಿಸಿದನೋ ಗೊತ್ತಿಲ್ಲ. ಕರ್ಮವಾದ ಮೇಲೆ ಬಂದವನನ್ನು ಮನೆಗೆ ಸೇರಿಸಿಕೊಳ್ಳಬೇಕಾದರೆ, ಆಗ ತಾನೇ ಹುಟ್ಟಿದ ಕೂಸಿಗೆ ಮಾಡುವ ಹಾಗೆ ಎಲ್ಲ ಸಂಸ್ಕಾರಗಳನ್ನೂ ಮೊದಲಿಂದ ಮಾಡಬೇಕಂತೆ. ಅಷ್ಟು ಮಾಡುವ ಮನಸ್ಸು ನಮ್ಮ ಮನೆಯಲ್ಲಿ ಯಾರಿಗಿತ್ತು?

ಎರಡು ಭಾನುವಾರ ಅಪ್ಪನಿಗೆ ಹೇಳಲಿಲ್ಲ. ಮೂರನೆಯ ಭಾನುವಾರ ಹೇಳಿಬಿಟ್ಟೆ. ಅವರು ತಿಥಿಯ ಮಾತೆತ್ತಲೇ ಇಲ್ಲ. "ನಾನು ಕೊಳ್ಳಿ ಇಟ್ಟಾಗ ಬದುಕಿದ್ರು," ಎಂದರು. ಆಮೇಲೆ, "ಅಮ್ಮನ್ನ ಕೂರಿಸಿ ತಲೆ ಬೋಳಿಸಿದಾಗಲೂ ಬದುಕಿದ್ರು ಕಣಮ್ಮ," ಎಂದು ಅತ್ತರು. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಯಾಕಾದರೂ ಹುಡುಕಿದೆನೋ ಅನಿಸಿತು.

ಆ ವರ್ಷ ಪಿತೃಪಕ್ಷ ಬಂದಾಗ ಅಪ್ಪ ಪುರೋಹಿತರನ್ನು ಕರೆಸಿ, ತಾಯಿಗೆ ನವಮಿ ಮಾಡಿಸಬೇಕೆಂದರು.

"ಅವಿಧವಾ ನವಮಿಯೇ? ಅದು ಮುತ್ತೈದೆಯಾಗಿ ಹೋದವರಿಗಲ್ಲವೇ ಸ್ವಾಮಿ? ನಿಮ್ಮ ತಾಯಿಯವರು..."

"ನಮ್ಮಪ್ಪ ಹೋದದ್ದು ಬರೆದಿದೆ, ಬಂದದ್ದು ಬರೆದಿದೆ. ನನ್ನ ಮಗಳು ಹತ್ತು ವರ್ಷ ಹುಡುಕಿದ್ದಾಳೆ, ಕೇಳಿ. ಸತ್ತದ್ದು ಎಲ್ಲೂ ಬರೆದಿಲ್ಲ. ನಮ್ಮಮ್ಮ ಮುತ್ತೈದೆ ಕಣ್ರೀ."

ಪುರೋಹಿತರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಬೇಕಾಗುವ ಸಾಮಾನು ಹೇಳತೊಡಗಿದರು.

ಊಟಕ್ಕೆ ಪಕ್ಕದ ಮನೆಯ ಮುತ್ತೈದೆಯನ್ನು ಕರೆದದ್ದಾಯಿತು. ಬಳೆ ಎರಡು ಡಜನ್ ತಾ ಎಂದರು ಅಪ್ಪ, ಒಂದು ಆಕೆಗೆ, ಒಂದು ಅಜ್ಜಿಯ ಫೋಟೋ ಮುಂದೆ ಇಡುವುದಕ್ಕೆ. ಆಫೀಸು ಬಿಟ್ಟ ಮೇಲೆ ಸುಸ್ತಾದ ಕಾಲಲ್ಲೇ ಮಾರ್ಕೆಟ್ಟಿಗೆ ಹೋದೆ. ಬಳೆ ಅಂಗಡಿಯವನು ಹಸಿರು ಗಾಜಿನ ಬಳೆಗಳನ್ನು ಮುಂದೆ ಹರಡಿದ. ಪಕ್ಕದ ಮನೆಯಾಕೆಯ ಅಳತೆ ಕೇಳಿಕೊಂಡು ಹೋಗಿದ್ದೆ, ಹೇಳಿದೆ. "ಇನ್ನೊಂದು ಡಜನ್ ಯಾರಿಗಮ್ಮ? ಅಳತೆ ಎಷ್ಟು?" ಎಂದ.

"ನಮ್ಮಜ್ಜಿಗೆ," ಎಂದೆ. ಆ ಕೈ ನನಗೆ ಕಲಸಿ ತುತ್ತು ಕೊಟ್ಟಿತ್ತು, ತಲೆ ಬಾಚಿತ್ತು. ಅದಕ್ಕೆ ಯಾವ ಬಳೆ ಹಿಡಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವನು ಕಾಯುತ್ತಿದ್ದ. ಕೊನೆಗೆ ನನ್ನ ಕೈಯನ್ನೇ ಅವನ ಮುಂದೆ ಚಾಚಿದೆ.