ಎಕ್ಸ್‌ರೇ ಅಕ್ಕ ಮತ್ತು ಇನ್ನೂರ ಹದಿನಾಲ್ಕು ನಾಣ್ಯ

ಆ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತಮೂರು ವರ್ಷ ದುಡಿದದ್ದಕ್ಕೆ ಎಲ್ಲರ ಬಾಯಲ್ಲೂ ಎಕ್ಸ್‌ರೇ ಅಕ್ಕ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಹೆಸರು ಬಿಟ್ಟಿಲ್ಲ, ಆ ಕೋಣೆಯ ಅಭ್ಯಾಸಗಳೂ ಬಿಟ್ಟಿಲ್ಲ. ಯಾರಾದರೂ ಬಾಗಿಲಿಗೆ ಬಂದು ಗೋಡೆಗೊರಗಿ ನಿಂತರೆ ಸಾಕು, "ಸ್ವಲ್ಪ ಗದ್ದ ಎತ್ತಿ, ಭುಜ ಮುಂದೆ ತನ್ನಿ" ಅನ್ನೋಣ ಅನ್ನಿಸುತ್ತದಂತೆ. ಒಮ್ಮೆ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವಾಗ "ಉಸಿರು ಎಳ್ಕೊಳ್ಳಿ, ಹಾಗೇ ಹಿಡೀರಿ" ಎಂದುಬಿಟ್ಟಳು. ಆ ಫೋಟೋದಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಎದೆಯುಬ್ಬಿಸಿ, ಕಣ್ಣರಳಿಸಿ, ಜಗಳಕ್ಕೆ ಹೊರಟವರಂತೆ ನಿಂತಿದ್ದಾರೆ.

ಈ ಎಕ್ಸ್‌ರೇ ಅಕ್ಕನಿಗೆ ಮನೆಯಲ್ಲೊಬ್ಬಳು ಸವತಿಯಿದ್ದಳು. ಗಾಬರಿಯಾಗಬೇಡಿ, ಅದೊಂದು ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಆಕೆಯ ಗಂಡ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವರು. ಭಾನುವಾರ ಬಂತೆಂದರೆ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಭೂತಗನ್ನಡಿ ಹಿಡಿದು, ಊಟಕ್ಕೆ ಕರೆದರೂ ಕೇಳಿಸದವರಂತೆ ಕೂತುಬಿಡುತ್ತಿದ್ದರು. ಒಳಗಿದ್ದದ್ದು ಬೆಳ್ಳಿಬಂಗಾರವಲ್ಲ, ರಾಜಮಹಾರಾಜರ ಖಜಾನೆಯದ್ದೂ ಅಲ್ಲ. ಬಸ್ಸಿನ ನೂಕುನುಗ್ಗಲಲ್ಲಿ, ಟಿಕೆಟ್ಟಿಗೆಂದು ಜನ ಅವರ ಕೈಗೆ ದಾಟಿಸಿಬಿಟ್ಟಿದ್ದ ಪರದೇಶದ ಚಿಲ್ಲರೆ. ಗಾತ್ರ ಒಂದೇ, ತೂಕ ಒಂದೇ, ಗಡಿಬಿಡಿಯಲ್ಲಿ ಯಾರು ಮುಖ ನೋಡುತ್ತಾರೆ? ಡಿಪೋದಲ್ಲಿ ಬೇರೆ ಕಂಡಕ್ಟರುಗಳು ಅಂಥ ನಾಣ್ಯ ಸಿಕ್ಕರೆ ಕೊಟ್ಟವನಿಗೆ ಹಿಡಿಶಾಪ ಹಾಕಿ ಕಿಟಕಿಯಾಚೆ ಎಸೆಯುತ್ತಿದ್ದರು. ಇವರೊಬ್ಬರು ಮಾತ್ರ ಟಿಕೆಟ್ ಹಣದ ಚೀಲಕ್ಕೆ ಅಷ್ಟೇ ಚಿಲ್ಲರೆಯನ್ನು ತಮ್ಮ ಜೇಬಿನಿಂದ ಹಾಕಿ, ಆ ನಾಣ್ಯವನ್ನು ಒಂದು ಟಿಕೆಟ್ಟಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದರು.

"ಇನ್ನೂರ ಹದಿನಾಲ್ಕು ಸಲ ಟೋಪಿ ಹಾಕಿಸ್ಕೊಂಡಿದ್ದನ್ನ ಯಾರಾದ್ರೂ ಡಬ್ಬಿ ತುಂಬಿ ಇಟ್ಕೋತಾರೇನ್ರೀ?" ಎಂದು ಆಕೆ ರೇಗಿಸುತ್ತಿದ್ದಳು.

"ನೀನು ಜನರ ಮೂಳೆ ನೋಡ್ದೆ, ನಾನು ಜನರ ಬುದ್ಧಿ ನೋಡ್ದೆ. ಇದು ಅದರ ಎಕ್ಸ್‌ರೇ ಕಣೇ" ಎಂದು ಅವರು ನಗುತ್ತಿದ್ದರು.

ನಗು ನಿಂತದ್ದು ಕಣ್ಣಿನಿಂದ. ಮೊದಮೊದಲು ಬಸ್ಸಿನ ನಂಬರು ಮಸುಕಾಯಿತು, ಆಮೇಲೆ ಅಕ್ಷರ, ಕೊನೆಗೆ ಯಾರ ಮುಖ ನೋಡಿದರೂ ನಡುವಿನಲ್ಲೊಂದು ಬೂದು ಕಲೆ. ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ನಡುವಿನ ದೃಷ್ಟಿ ಹೋದದ್ದು ಹೋಯಿತು, ವಾಪಸ್ಸು ಬರುವುದಿಲ್ಲ, ಅಂಚಿನಲ್ಲಿ ಕಾಣುವುದು ಉಳಿಯುತ್ತದೆ. ಕಂಡಕ್ಟರು ಮನೆಗೆ ಬಂದವರೇ ಡಬ್ಬಿ ತೆಗೆದರು, ಒಂದು ನಾಣ್ಯವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮುಚ್ಚಿಟ್ಟರು. ನಾಲ್ಕು ತಿಂಗಳು ಅದರ ಮುಚ್ಚಳ ತೆರೆಯಲಿಲ್ಲ. ಮಾತೂ ಕಡಿಮೆಯಾಯಿತು. ರೇಡಿಯೋ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ ಅವರಿಗೆ. ಆಕೆಗೆ ಮಾತ್ರ ಒಂದೊಂದು ಗಳಿಗೆಯೂ ಗೊತ್ತಾಗುತ್ತಿತ್ತು.

ಒಂದು ದಿನ ಅವರೇ ನಾಣ್ಯಸಂಗ್ರಹಕಾರರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದರು. ಯಾವುದೋ ಶಾಲೆಯ ಗಾಜಿನ ಬೀರುವಿಗೆ ಡಬ್ಬಿ ಕೊಟ್ಟುಬಿಡುವುದೆಂದು ಮಾತಾಯಿತು. ಮುಂದಿನ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ, ಹನ್ನೊಂದು ಗಂಟೆಗೆ ಕಾರ್ಯದರ್ಶಿ ಬರುತ್ತಾರೆ.

ಡಬ್ಬಿ ತೊಲಗಲಿ ಎಂದು ನೂರು ಸಲ ಅಂದಿದ್ದವಳಿಗೆ ಈಗ ಅದು ಹೋಗುವುದು ಬೇಡವೆನ್ನಿಸಿತು. ಡಬ್ಬಿಯ ಜೊತೆಗೆ ಈ ಮನುಷ್ಯನೂ ಹೊರಟುಬಿಡುತ್ತಾನೆ, ಮಂಚದ ಮೇಲೆ ಬರೀ ಉಸಿರಾಡಿಕೊಂಡು ಇರುತ್ತಾನೆ ಎಂದು ಭಯವಾಯಿತು. ಹೋಗಬೇಡಿ ಎನ್ನಲು ಬಸ್ಸು ಹತ್ತುತ್ತಿರುವವರಲ್ಲ, ಎದುರಿಗೇ ಮಲಗಿರುವವರು. ಅಂಥವರನ್ನು ತಡೆಯುವುದು ಹೇಗೆ?

ದಾರಿ ಸಿಕ್ಕಿದ್ದು ಮಹಡಿ ಮೇಲೆ. ಅಲ್ಲಿ ಮಗಳ ಸಂಸಾರ. ಆ ಮನೆಯಲ್ಲಿ ಬಾಗಿಲಗಲದ ಟಿವಿ. ಒಂದು ಸಂಜೆ ಚಹಾ ಕುಡಿಯಲು ಹೋದಾಗ ಕಂಡಕ್ಟರು ಕುರ್ಚಿಯಲ್ಲಿ ಓರೆಯಾಗಿ ಕೂತವರು ತಟ್ಟನೆ, "ಆ ಹಸು ಯಾಕೆ ನಡುರಸ್ತೇಲಿ ನಿಂತಿದೆ?" ಎಂದರು. ಟಿವಿಯಲ್ಲಿ ನಿಜಕ್ಕೂ ಹಸು ನಿಂತಿತ್ತು! ಆಕೆ ಚಹಾ ಕೆಳಗಿಟ್ಟು ಟಿವಿಯನ್ನೂ ಅವರನ್ನೂ ನೋಡಿದಳು. ದೊಡ್ಡದಾಗಿದ್ದರೆ, ನೆರಳುಬೆಳಕು ಗಟ್ಟಿಯಾಗಿದ್ದರೆ ಇವರಿಗೆ ಕಾಣುತ್ತದೆ. ಹಾಗಾದರೆ ಆ ನಾಣ್ಯಗಳನ್ನು ಹಸುವಿನಷ್ಟು ದೊಡ್ಡದು ಮಾಡಿದರೆ?

ಮಾರನೆಯ ದಿನವೇ ಹಿಂದಿನ ಕೋಣೆಯಲ್ಲಿ, ಬಟ್ಟೆ ಇಸ್ತ್ರಿ ಮಾಡುವ ಮೇಜಿನ ಮೇಲೆ, ಗುಟ್ಟಾಗಿ ಕೆಲಸ ಶುರುವಾಯಿತು. ಅಬ್ಬಬ್ಬಾ, ಏನು ಜಂಬ ಮೊದಲ ದಿನ! ಮೂವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಎದೆಗೂಡು ತೆಗೆದವಳು, ಒಂದು ಪುಡಿ ನಾಣ್ಯಕ್ಕೆ ಹೆದರುತ್ತಾಳೆಯೇ? ನಾಣ್ಯವನ್ನು ಅಂಗಾತ ಮಲಗಿಸಿ, ಫೋನನ್ನು ನೆಟ್ಟಗೆ ಮೇಲಿಟ್ಟು, ಫ್ಲ್ಯಾಶ್ ಹೊಡೆದಳು. ಬಂದದ್ದು ಒಂದು ಬಿಳಿ ಬೊಟ್ಟು. ಫ್ಲ್ಯಾಶ್ ಇಲ್ಲದೆ ತೆಗೆದರೆ ನಾಣ್ಯದ ಮೇಲೆ ಫೋನಿನ ಕಪ್ಪು ನೆರಳು, ನೆರಳಿನಲ್ಲಿ ಆಕೆಯದೇ ಮೂಗು. ಟ್ಯೂಬ್‌ಲೈಟು ಒಂದು ಬಣ್ಣ, ಟೇಬಲ್ ಲ್ಯಾಂಪು ಇನ್ನೊಂದು ಬಣ್ಣ, ಎರಡೂ ಸೇರಿ ತಾಮ್ರದ ನಾಣ್ಯಕ್ಕೆ ಕಾಮಾಲೆ ಬಂದಂತಾಯಿತು.

"ಥೂ ನಿನ್ನ! ರೋಗಿಗಳೇ ವಾಸಿ, ಹೇಳಿದ ಹಾಗೆ ಮಲಗ್ತಿದ್ರು" ಎಂದು ನಾಣ್ಯವನ್ನು ಬೈದಳು.

ಎಕ್ಸ್‌ರೇ ಬೆಳಕು ಮೈಯನ್ನು ತೂರಿಕೊಂಡು ಹೋಗುತ್ತದೆ, ಅದಕ್ಕೆ ನೇರ ನಿಂತರೇ ಲೇಸು. ಈ ಬೆಳಕು ಹಾಗಲ್ಲ, ತಗಲಿ ಪುಟಿಯುವಂಥದ್ದು. ಅದು ತಲೆಗೆ ಹೋಗಲು ಎರಡು ದಿನ ಹಿಡಿಯಿತು. ಆಮೇಲೆ ಟ್ಯೂಬ್‌ಲೈಟು ಆರಿಸಿದಳು. ಕಿಟಕಿಗೆ ಹೊದಿಕೆ ಕಟ್ಟಿದಳು. ಎರಡು ಕಡೆ ಪುಸ್ತಕ ಪೇರಿಸಿ, ಮೇಲೊಂದು ಗಾಜಿನ ಹಲಗೆಯಿಟ್ಟು ಅದರ ಮೇಲೆ ಫೋನನ್ನು ಮಲಗಿಸಿದಳು. ತೀರ ಹತ್ತಿರ ಹೋದರೆ ಮಸುಕಾಗುತ್ತದೆಂದು ಗೇಣು ದೂರವಿಟ್ಟು ಜೂಮ್ ಮಾಡಿದಳು. ಬೆರಳು ತಾಕಿದರೆ ಅಲ್ಲಾಡುತ್ತದೆಂದು ಎರಡು ಸೆಕೆಂಡಿನ ಟೈಮರ್ ಇಟ್ಟಳು. ಟೇಬಲ್ ಲ್ಯಾಂಪಿನ ಬಾಯಿಗೆ ಬಟರ್ ಪೇಪರ್ ಕಟ್ಟಿದಳು, ಎದುರುಗಡೆ ಬಿಳಿ ರಟ್ಟು ನಿಲ್ಲಿಸಿದಳು. ಲ್ಯಾಂಪನ್ನು ಇಳಿಸಿ, ಇನ್ನೂ ಇಳಿಸಿ, ಬೆಳಕು ಮೇಜನ್ನು ಸವರಿಕೊಂಡು ಬರುವಷ್ಟು ತಗ್ಗಿಸಿದಾಗ ಒಂದು ಸವೆದ ನಾಣ್ಯದೊಳಗಿನಿಂದ ಹೆಂಗಸೊಬ್ಬಳ ಮುಖ ಎದ್ದು ಬಂತು. ಕೆನ್ನೆ, ಮುಡಿ, ಕಿವಿಯ ಹಾಲೆ ಕೂಡ. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ.

"ಅಡಗಿ ಕೂತಿದ್ಯೇನೇ, ಕಳ್ಳಿ" ಎಂದಳು ಎಕ್ಸ್‌ರೇ ಅಕ್ಕ. ಸವತಿಯ ಮೇಲೆ ಮೊದಲ ಸಲ ಅಕ್ಕರೆ ಹುಟ್ಟಿತ್ತು.

ಅಲ್ಲಿಂದ ಮುಂದೆ ಕಂಡಕ್ಟರು ರೇಡಿಯೋ ಕೇಳುವ ಹೊತ್ತೆಲ್ಲ ಇಲ್ಲಿ ಕೆಲಸ. ಆಸ್ಪತ್ರೆಯ ಗ್ಲೌಸ್ ತೊಟ್ಟು, ನಾಣ್ಯವನ್ನು ಅಂಚಿನಲ್ಲೇ ಹಿಡಿದು, ಕಪ್ಪು ಬಟ್ಟೆಯ ಮೇಲಿಟ್ಟು ಒಂದು ಮುಖ. ಆಮೇಲೆ ಹೊರಳಿಸಿ ಇನ್ನೊಂದು ಮುಖ. ಮತ್ತೆ ಅದರದೇ ಟಿಕೆಟ್ಟಿನಲ್ಲಿ ಸುತ್ತಿ ಡಬ್ಬಿಗೆ. ಬೆನ್ನು ಬಿದ್ದುಹೋಯಿತು. "ಯಾಕೇ ಸೊಂಟ ಹಿಡ್ಕೊಂಡು ಓಡಾಡ್ತೀಯ?" ಎಂದು ಅವರು ಕೇಳಿದ್ದಕ್ಕೆ, "ವಯಸ್ಸಾಯ್ತು, ನಿಮ್ಮ ಹಾಗೆ ಮಲಗಿರೋಕೆ ಆಗತ್ತಾ?" ಎಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅವರು ರೇಡಿಯೋದ ದನಿ ಏರಿಸಿ ಗೋಡೆಯ ಕಡೆ ತಿರುಗಿದರು, ಅದೇ ಆಕೆಯನ್ನು ಹೆಚ್ಚು ನೋಯಿಸಿತು.

ಶನಿವಾರ ಸಂಜೆಗೆ ನಾನೂರ ಇಪ್ಪತ್ತೆಂಟು ಫೋಟೋ ಮುಗಿದವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಂಡನನ್ನು ಕೈಹಿಡಿದು ಮಹಡಿ ಹತ್ತಿಸಿದಳು. ಮಗಳು ಫೋನನ್ನು ಟಿವಿಗೆ ಜೋಡಿಸಿಕೊಟ್ಟು, ಅಮ್ಮನ ಮುಖ ನೋಡಿ, ಏನೂ ಕೇಳದೆ ಅಡುಗೆಮನೆಗೆ ಸರಿದಳು.

"ಏನೇ ಇದು, ಬೆಳಬೆಳಿಗ್ಗೆ ಸಿನಿಮಾ?"

"ಸುಮ್ಮನೆ ಕೂತ್ಕೊಳ್ಳಿ."

ಟಿವಿಯ ತುಂಬ ಆ ಮುಡಿಯ ಹೆಂಗಸು ಬಂದಳು. ಎಕ್ಸ್‌ರೇ ಅಕ್ಕ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿಬಿಟ್ಟರು. ನೋಡಲೂ ಇಷ್ಟವಿಲ್ಲ. ಇಷ್ಟು ದಿನದ ಪಾಡು ನೀರಿನಲ್ಲಿ ಹೋಮ. ಆದರೂ ಬೆರಳು ತಾನಾಗಿ ಮುಂದಿನ ಫೋಟೋ ಸರಿಸಿತು.

ಕಂಡಕ್ಟರು ತಿರುಗಿಸಿದ ಮುಖವನ್ನು ಹಾಗೇ ಇಟ್ಟುಕೊಂಡು ಹೇಳಿದರು: "ಅಯ್ಯೋ, ಹಡಗು ಮುಳುಗಿಸಿಬಿಟ್ಟಿದ್ದೀಯಲ್ಲೇ!"

"ಏನಂದ್ರಿ?"

"ಹಡಗು ಕಣೇ. ಪಟ ಕೆಳಗೆ, ತಳ ಮೇಲೆ. ಮುಂದಿನದು ಹಾಕು... ಇದೇನು, ಹಕ್ಕಿ ಕಾಲು ಮೇಲೆ ಮಾಡ್ಕೊಂಡು ಬಿದ್ದಿದೆ! ಸತ್ತೇ ಹೋಯ್ತಾ?" ಅವರು ನಗತೊಡಗಿದರು. ಇನ್ನೊಂದು ಬಂತು, ಬೇರು ಆಕಾಶಕ್ಕೆ ಚಾಚಿದ ಮರ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ವೇ, ರಾಜರಾಣಿಯರನ್ನೆಲ್ಲ ನೆಟ್ಟಗೆ ಕೂರಿಸಿ, ಅವರ ರಾಜ್ಯಾನೆಲ್ಲ ತಲೆಕೆಳಗು ಮಾಡಿಟ್ಟಿದ್ದೀಯಲ್ಲ!"

ಆಗಿದ್ದಿಷ್ಟೆ. ಆಕೆ ನಾಣ್ಯವನ್ನು ಹೊರಳಿಸಿದ್ದು ರೋಗಿಯನ್ನು ಹೊರಳಿಸುವಂತೆ, ಎಡಮಗ್ಗುಲಿಂದ ಬಲಮಗ್ಗುಲಿಗೆ. ಆ ಡಬ್ಬಿಯ ಮುಕ್ಕಾಲು ಪಾಲು ನಾಣ್ಯಗಳಲ್ಲಿ ಹಿಂದಿನ ಮುಖ ಮುಂದಿನದಕ್ಕೆ ತಲೆಕೆಳಗಾಗಿ ಅಚ್ಚಾಗಿತ್ತು, ಅವನ್ನು ಮೇಲಿನಂಚು ಕೆಳಕ್ಕೆ ಬರುವಂತೆ ಮಗುಚಬೇಕಿತ್ತು. ಫೋಟೋ ನೋಡಿದಾಗಲಾದರೂ ತಿಳಿಯಬಾರದಿತ್ತೇ ಅನ್ನುತ್ತೀರಿ. ಆಕೆ ನೆರಳು ನೋಡಿದ್ದಳು, ಅಂಚು ನೋಡಿದ್ದಳು, ಮಸುಕಿದೆಯೇ ಎಂದು ನೋಡಿದ್ದಳು. ಚಿತ್ರದಲ್ಲಿ ಏನಿದೆ ಎಂದು ಓದುವುದು ಡಾಕ್ಟರ ಕೆಲಸ, ಟೆಕ್ನೀಷಿಯನ್ನರದಲ್ಲ ಎಂದು ಮೂವತ್ತಮೂರು ವರ್ಷ ನಂಬಿ ಬಾಳಿದ ಜೀವ ಅದು.

ಆದರೆ ಆ ಕ್ಷಣಕ್ಕೆ ಆಕೆಗೆ ಮೈಯೆಲ್ಲ ಉರಿದುಹೋಯಿತು. "ನಗ್ತೀರಾ? ಒಂದು ವಾರದಿಂದ ಸೊಂಟ ಮುರ್ಕೊಂಡು ಮಾಡಿದ್ದಕ್ಕೆ ತಪ್ಪು ಹುಡುಕ್ತೀರಾ? ನಾಲ್ಕು ತಿಂಗಳಿಂದ ಗೋಡೆ ನೋಡ್ತಾ ಬಿದ್ದಿದ್ದೋರಿಗೆ ಹಡಗು ನೆಟ್ಟಗಿದೆಯೋ ಸೊಟ್ಟಗಿದೆಯೋ ಅಂತ ಹ್ಯಾಗ್ರೀ—"

ಕೈ ಬಾಯಿಗೆ ಹೋಯಿತು.

"ಕಾಣ್ತಿದೆಯಾ?" ಎಂದಳು.

"ನೇರ ನೋಡಿದ್ರೆ ಕಾಣಲ್ಲ. ಹೀಗೆ ಮುಖ ಪಕ್ಕಕ್ಕೆ ಮಾಡಿದ್ರೆ ಕಾಣತ್ತೆ" ಎಂದರು ಕಂಡಕ್ಟರು. ನಗುವಿನ ನಡುವೆ ಅವರ ಕೆನ್ನೆ ಒದ್ದೆಯಾಗಿತ್ತು. "ಹಡಗಿನ ಹಗ್ಗ ಕೂಡ ಕಾಣತ್ತೆ. ಭೂತಗನ್ನಡೀಲೂ ಈ ಹಗ್ಗ ನಾನು ಯಾವತ್ತೂ ನೋಡಿರ್ಲಿಲ್ಲ." ಎಕ್ಸ್‌ರೇ ಅಕ್ಕ ಸೋಫಾದಲ್ಲಿ ಕುಸಿದು ಕೂತು ಮಗುವಿನಂತೆ ಅತ್ತಳು. ಅವರು ತಡವರಿಸಿ ಆಕೆಯ ಕೈ ಹುಡುಕಿ ಹಿಡಿದುಕೊಂಡರು.

ಹನ್ನೊಂದಕ್ಕೆ ಸರಿಯಾಗಿ ಕಾರ್ಯದರ್ಶಿ ಬಂದರು. ಅಚ್ಚುಕಟ್ಟಿನ ಮನುಷ್ಯ, ಕಂಕುಳಲ್ಲಿ ಖಾಲಿ ಚೀಲ. ಟಿವಿಯಲ್ಲಿ ತಲೆಕೆಳಗಾಗಿ ನಿಂತಿದ್ದ ಕುದುರೆಯನ್ನು ನೋಡಿ ವಿಷಯ ಕೇಳಿ ತಿಳಿದುಕೊಂಡರು.

"ಫೋಟೋ ಬಹಳ ಚೆನ್ನಾಗಿ ಬಂದಿದೆ ಅಮ್ಮ. ಬೆಳಕು ಎಷ್ಟು ಹದವಾಗಿದೆ! ಉಲ್ಟಾ ಆದ್ರೆ ಏನಂತೆ? ಫೋನಲ್ಲೇ ಒಂದು ಬಟನ್ ಒತ್ತಿದ್ರೆ ತಿರುಗತ್ತೆ. ಕೊಡಿ, ಎರಡು ನಿಮಿಷದ ಕೆಲಸ" ಎಂದು ಕೈ ಚಾಚಿದರು.

ಎಕ್ಸ್‌ರೇ ಅಕ್ಕ ಫೋನನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಇಲ್ಲ ಸರ್. ನನ್ನ ಫೋನಲ್ಲಿ ಅದೆಲ್ಲ ಬರಲ್ಲ. ಎಲ್ಲಾ ಮತ್ತೆ ತೆಗೀಬೇಕು. ಒಂದೊಂದಾಗಿ."

"ಎಲ್ಲಾ ಫೋನಲ್ಲೂ ಬರತ್ತಲ್ಲಮ್ಮ..."

"ಬರಲ್ಲ ಅಂದ್ನಲ್ಲ!"

ಕಾರ್ಯದರ್ಶಿ ಪೆಚ್ಚಾಗಿ ಕಂಡಕ್ಟರ ಕಡೆ ನೋಡಿದರು. ಅವರು ಗಂಭೀರವಾಗಿ ತಲೆಯಾಡಿಸಿದರು. "ಅವಳು ಆಸ್ಪತ್ರೇಲಿ ಇದೇ ಕೆಲಸ ಮಾಡಿದೋಳು ಸರ್, ಅವಳು ಹೇಳಿದ್ ಮೇಲೆ ಮುಗೀತು. ಡಬ್ಬಿ ಈಗ ಕೊಡೋಕಾಗಲ್ಲ. ಶಾಲೆಯೋರಿಗೆ ನನ್ನ ಕ್ಷಮೆ ಹೇಳಿ." ಪಾಪ, ಆ ಮನುಷ್ಯ ಒಂದು ಲೋಟ ಚಹಾ ಕುಡಿದು ಖಾಲಿ ಚೀಲದೊಂದಿಗೇ ಇಳಿದು ಹೋದರು.

ಮೆಟ್ಟಿಲ ಸದ್ದು ಅಡಗಿದ ಮೇಲೆ ಕಂಡಕ್ಟರು ಮೆಲ್ಲಗೆ ಕೇಳಿದರು: "ನನ್ನ ಮೊಣಕೈ ಮುರಿದಾಗ ಕಂಪ್ಯೂಟರಲ್ಲಿ ಆ ಎಕ್ಸ್‌ರೇನ ಅತ್ಲಾಗೆ ಇತ್ಲಾಗೆ ತಿರುಗಿಸಿ ತೋರಿಸಿದ್ದು ಯಾರು? ನೀನೇ ತಾನೇ?"

"ಗೊತ್ತಿದ್ದೂ ಸುಳ್ಳಿಗೆ ಸಾಕ್ಷಿ ಹೇಳಿದ್ರಲ್ಲ, ನೀವು?"

"ಮತ್ತೆ ತೆಗೀತೀನಿ ಅಂದ್ಯಲ್ಲ. ನಾನೂ ಪಕ್ಕದಲ್ಲಿ ಕೂತಿರೋಣ ಅಂತ."

ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಎರಡು ಸ್ಟೂಲು. ಲ್ಯಾಂಪು ಕಂಡಕ್ಟರ ಕೈಯಲ್ಲಿ. ಬೆಳಕನ್ನು ಎಷ್ಟು ತಗ್ಗಿಸಬೇಕೆಂದು ಆಕೆ ಅವರ ಮಣಿಕಟ್ಟು ಹಿಡಿದು ತೋರಿಸಿದಳು. ಮೊದಲ ನಾಣ್ಯವನ್ನು ಬಿಚ್ಚಿ, ಅದನ್ನು ಸುತ್ತಿದ್ದ ಟಿಕೆಟ್ಟನ್ನು ಬದಿಗಿಡಲು ಹೋದವಳು ಕೈ ತಡೆದಳು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಆ ಡಬ್ಬಿಯ ಒಂದೇ ಒಂದು ನಾಣ್ಯದ ಬಗ್ಗೆ ಆಕೆ ಇದುವರೆಗೆ ಕೇಳಿರಲಿಲ್ಲ.

"ರೀ, ಇದನ್ನ ನಿಮಗೆ ಯಾರು ಕೊಟ್ಟಿದ್ದು?"

ಕಂಡಕ್ಟರು ನಾಣ್ಯದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. "ಅದು ದೊಡ್ಡ ಕಥೆ ಕಣೇ. ನಿಂಗೆ ಬೇಜಾರಾಗಲ್ವಾ?"

"ಬೇಜಾರಾದ್ರೆ ಹೇಳ್ತೀನಿ. ಲ್ಯಾಂಪ್ ಅಲ್ಲಾಡಿಸ್ಬೇಡಿ. ಹೇಳಿ."