ಗಂಜಿ ಹಾಕದ ದಿಂಬಿನ ಕವರ್

ತಂಪಣ್ಣನ ಹೆಸರು ಲಾಂಡ್ರಿ ಅಕ್ಕನ ಕಿವಿಗೆ ಮೊದಲು ಬಿದ್ದದ್ದು ರೈಲ್ವೆ ಗೇಟಿನ ಮುಂದೆ, ಅದೂ ಹಿಂದೆ ನಿಂತವರೆಲ್ಲ ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದಾಗ. ಆಸ್ಪತ್ರೆಯ ಬಟ್ಟೆಗಂಟು ಹೊತ್ತಿದ್ದ ಅವಳ ಹಳೆಯ ಪಿಕಪ್ಪು ಸಾಲಿನ ನಟ್ಟನಡುವೆ ಸಿಕ್ಕಿಕೊಂಡಿತ್ತು. ಓಡುವಾಗ ಅದಕ್ಕೆ ಯಾವ ರೋಗವೂ ಇರಲಿಲ್ಲ. ನಿಂತರೆ ಮಾತ್ರ ಮೈ ಕಾಯುತ್ತಿತ್ತು. ಗೇಟು ಏಳುವ ಹೊತ್ತಿಗೆ ಸರಿಯಾಗಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು.

ಹಿಂದಿನ ಬ್ರೆಡ್ ವ್ಯಾನಿನವನು ಇಳಿದು ಬಂದ.

"ಏನಕ್ಕಾ, ಒಳಗೆ ಏನು ಬೇಯಿಸ್ತಿದ್ದೀರಾ? ನಮಗೂ ಒಂದು ತಟ್ಟೆ ಹಾಕಿ."

"ನಿನ್ನ ನಾಲಿಗೆ ಬೇಯಿಸ್ತಿದ್ದೀನಿ. ಮೊದಲು ತಳ್ಳು ಬಾ."

ಅವನು ತಳ್ಳಿದ. ಬಂಡಿ ಬದಿಗೆ ಬಂದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಹೇಳಿದ: "ಟೈರ್ ಅಂಗಡಿ ಪಕ್ಕ ತಂಪಣ್ಣ ಅಂತ ಒಬ್ಬ ಇದ್ದಾನೆ. ಕುದಿಯೋ ಬಂಡಿಗಳಿಗೆಲ್ಲ ಅವನೇ ಡಾಕ್ಟ್ರು. ಹೆಸರಷ್ಟೇ ತಂಪು ಅಕ್ಕಾ, ತಲೆ ನಿಮ್ಮ ಬಂಡಿ ಥರಾನೇ. ನೋಡ್ಕೊಂಡು ಮಾತಾಡಿ."

ಅವಳಿಗೆ ಆಗ ತಮಾಷೆ ಬೇಕಿರಲಿಲ್ಲ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಬಟ್ಟೆ ಒಗೆಯುವ ಕೋಣೆ, ಇಸ್ತ್ರಿ ಮೇಜು ಮತ್ತು ಈ ಪಿಕಪ್ಪು. ಮೈದುನನ ಹತ್ತಿರ ಹೊಸ ವ್ಯಾನಿತ್ತು. "ಅತ್ತಿಗೆ, ಈ ತಗಡನ್ನ ಗುಜರಿಗೆ ಹಾಕೋಣ. ಬಟ್ಟೆ ನಾನು ಸಾಗಿಸ್ತೀನಿ, ನೀವು ಆರಾಮಾಗಿ ಒಳಗಿರಿ" ಎಂದು ಅವನು ಬಂದಾಗಲೆಲ್ಲ ಹೇಳುತ್ತಿದ್ದ. ಬೆರಳು ಕೊಟ್ಟರೆ ಹಸ್ತ ನುಂಗುವ ಆಸಾಮಿ ಅವನು. ಇಂದು ಬಟ್ಟೆ ಸಾಗಿಸಿದವನು ನಾಳೆ ಗಿರಾಕಿಗಳನ್ನೂ ಸಾಗಿಸಿಕೊಂಡು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಈಚೆಗೆ ಆಸ್ಪತ್ರೆಯ ದೊಡ್ಡ ನರ್ಸಮ್ಮನೂ, ಇನ್ನೊಂದು ಸಲ ಚಾದರ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮುಖ ಮುರಿದಿದ್ದಳು. ಬಂಡಿ ನಿಂತರೆ ಅವಳ ಬದುಕೂ ನಿಂತಂತೆಯೇ.

ತಂಪಣ್ಣನ ಅಂಗಡಿ ಎಂದರೆ ಒಂದು ತಗಡಿನ ಮಾಡು. ಮಾಡಿನ ಕೆಳಗೆ ಜಖಂ ಆದ ಕಾರುಗಳಿಂದ ಬಿಚ್ಚಿ ತಂದ ಫ್ಯಾನುಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು. ಅವನ ಹೆಂಡತಿ ಸ್ಟೂಲಿನ ಮೇಲೆ ಕುಳಿತು ವೈರಿನ ತುದಿ ಸುಲಿಯುತ್ತಿದ್ದಳು. ಅಕ್ಕ ತನ್ನ ಕಷ್ಟವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಂಪಣ್ಣ ತಿರುಗಿಯೂ ನೋಡಲಿಲ್ಲ.

"ಬಲಗಿವಿಗೆ ಹೇಳಿ ಅಕ್ಕಾ," ಎಂದಳು ಹೆಂಡತಿ. "ಎಡಗಿವಿ ಬಾಡಿಗೆಗೆ ಕೊಟ್ಟಿದ್ದಾರೆ."

ಹರೆಯದಲ್ಲಿ ತಗಡು ಬಡಿಯುವ ಕಾರ್ಖಾನೆಯಲ್ಲಿ ದುಡಿದು ಅವನ ಒಂದು ಕಿವಿ ಹೋಗಿತ್ತು. ಆಮೇಲೆ ಮನೆಮನೆಯ ಮೇಜಿನ ಫ್ಯಾನು ರಿಪೇರಿ ಮಾಡುತ್ತಾ ಬಂಡಿಗಳ ಫ್ಯಾನಿಗೆ ಬಂದವನು. ಕಿವಿಯ ಕೆಲಸವನ್ನೆಲ್ಲ ಅಂಗೈಗೆ ಕಲಿಸಿಕೊಂಡಿದ್ದ. ಅಕ್ಕ ಬಲಗಡೆಗೆ ಬಂದು ಮತ್ತೆ ಮೊದಲಿನಿಂದ ಹೇಳಿದ ಮೇಲೆ ಎದ್ದು, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ.

"ಇದರ ಫ್ಯಾನು ಇಂಜಿನ್ ಬೆಲ್ಟಿಗೆ ಕಟ್ಟಿದ್ದು ಅಕ್ಕಾ. ಇಂಜಿನ್ ಓಡಿದ್ರೆ ಇದೂ ಓಡುತ್ತೆ, ಇಂಜಿನ್ ನಿಧಾನ ಆದ್ರೆ ಇದೂ ತೂಕಡಿಸುತ್ತೆ. ಗೇಟಲ್ಲಿ ನಿಂತಾಗ್ಲೇ ಗಾಳಿ ಬೇಕಾಗೋದು, ಆಗ್ಲೇ ಇದಕ್ಕೆ ನಿದ್ದೆ."

"ಥೇಟ್ ನಮ್ಮನೆಯವರು," ಎಂದಳು ಹೆಂಡತಿ ವೈರಿನಿಂದ ತಲೆಯೆತ್ತದೆ.

"ಇದನ್ನ ತೆಗೆದು ಕರೆಂಟಿನ ಫ್ಯಾನ್ ಕೂರಿಸ್ತೀನಿ. ನೀರು ಕಾದ ಕೂಡ್ಲೇ ತಾನೇ ಎದ್ದು ತಿರುಗುತ್ತೆ, ಯಾರೂ ಎಬ್ಬಿಸಬೇಕಾಗಿಲ್ಲ. ಆದ್ರೆ ಅವಸರ ಮಾಡ್ಬೇಡಿ. ಅವಸರ ಇದ್ದೋರು ಪಕ್ಕದ ಬೀದಿಗೆ ಹೋಗ್ಬಹುದು."

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಸುಖವಾಗಿತ್ತು. ರಟ್ಟಿನ ಡಬ್ಬಿ ಹರಿದು ರೇಡಿಯೇಟರಿನ ಅಳತೆಗೆ ಕತ್ತರಿಸಿದ. ಹಿಂದೆ ಎಷ್ಟು ಜಾಗ ಇದೆ ಎಂದು ಬೆರಳಿಟ್ಟು ನೋಡಿದ. ತೂಗುತ್ತಿದ್ದ ಫ್ಯಾನುಗಳನ್ನು ಒಂದೊಂದಾಗಿ ಇಳಿಸಿ, ಮದುಮಗಳಿಗೆ ಬಳೆ ನೋಡುವವನ ಹಾಗೆ ರಟ್ಟಿನ ಮೇಲಿಟ್ಟು, ಒಲ್ಲೆನೆಂದು ಮತ್ತೆ ತೂಗುಹಾಕಿದ. ಬೇರೆಯವರು ರೇಡಿಯೇಟರಿನ ಜಾಲರಿಗೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಫ್ಯಾನು ಬಿಗಿದುಬಿಡುತ್ತಾರಂತೆ. ಅದು ಅಲುಗಾಡಿ ಉಜ್ಜಿ, ಒಂದು ದಿನ ತೂತು ಬಿದ್ದು ನೀರು ಸೋರುತ್ತದಂತೆ. "ಉಸಿರಾಡೋ ಎದೆಗೆ ಯಾರಾದ್ರೂ ಹೊಲಿಗೆ ಹಾಕ್ತಾರಾ?" ಎಂದು ಬೈಯುತ್ತಲೇ ಹಳೆಯ ಕಬ್ಬಿಣದ ಮಂಚದ ಪಟ್ಟಿ ಕೊಯ್ದು ಒಂದು ಚೌಕಟ್ಟು ಮಾಡಿದ. ಅದನ್ನು ಬಂಡಿಯ ಮೈಗೆ ಬಿಗಿದ. ರೇಡಿಯೇಟರಿಗೆ ಒಂದು ಗೀರೂ ಬೀಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಒಡೆದುಹೋದದ್ದನ್ನು ಕಟ್ಟುವ ಈ ಮನುಷ್ಯನ ಕೈಯಲ್ಲಿ ದೊಣ್ಣೆಯೇ ಇಲ್ಲವಲ್ಲ ಎಂದು ಅಕ್ಕನಿಗೆ ಅನಿಸಿತು.

ಕೆಲಸ ಮುಗಿದು ಇಂಜಿನ್ ಚಾಲೂ ಮಾಡಿದಾಗ ಮೈದುನನೂ ಬಂದು ನಿಂತಿದ್ದ, ಕೈಕಟ್ಟಿಕೊಂಡು. ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಏರಿತು. ಹೊಸ ಫ್ಯಾನು ತಾನಾಗಿಯೇ ಗಿರ್ರೆಂದು ತಿರುಗಿತು. ಎಲ್ಲರೂ ಉಸಿರುಬಿಟ್ಟರು. ಆದರೆ ಮುಳ್ಳು ನಿಲ್ಲಲಿಲ್ಲ. ಏರುತ್ತಲೇ ಹೋಯಿತು.

"ನಾನು ಹೇಳ್ಲಿಲ್ವಾ ಅತ್ತಿಗೆ?" ಎಂದ ಮೈದುನ. "ಸತ್ತ ಎಮ್ಮೆಗೆ ಹುಲ್ಲು ಹಾಕಿದ್ರೆ ಹಾಲು ಕರೆಯುತ್ತಾ? ಗುಜರಿಯವನನ್ನ ನಾಳೆನೇ ಕರೀತೀನಿ."

ತಂಪಣ್ಣನ ಮುಖ ಕಪ್ಪಿಟ್ಟಿತು. ಹೆಂಡತಿ ಮೊದಲ ಸಲ ಬಾಯಿ ಮುಚ್ಚಿದಳು. ಅಕ್ಕ ಬಂಡಿಯ ಮುಂದೆ ನಿಂತಿದ್ದಳು. ಗಂಟಿನಿಂದ ಜಾರಿಬಿದ್ದ ಒಂದು ದಿಂಬಿನ ಕವರ್ ಅವಳ ಕೈಯಲ್ಲಿತ್ತು. ಅದು ಪಟಪಟನೆ ಅವಳ ಕಡೆಗೇ ಹಾರುತ್ತಿತ್ತು. ಅವಳು ಓದಿದವಳಲ್ಲ, ಆದರೆ ಜೀವಮಾನವೆಲ್ಲ ಬಟ್ಟೆ ಒಣಹಾಕಿದವಳು. ಗಾಳಿ ಎತ್ತ ಬೀಸುತ್ತದೆಂದು ಬಟ್ಟೆ ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು. ಓಡಿಹೋಗಿ ತಂಪಣ್ಣನ ಬಲಗಿವಿಗೆ ಕೂಗಿದಳು:

"ಅಣ್ಣಾ, ಬಿಸಿಗಾಳಿ ನನ್ನ ಮುಖಕ್ಕೆ ಬರ್ತಿದೆ! ನಿಮ್ಮ ಫ್ಯಾನು ಗಾಳಿ ಒಳಗೆ ಎಳ್ಕೊಳ್ತಿಲ್ಲ, ಹೊರಗೆ ಉಗೀತಿದೆ!"

ತಂಪಣ್ಣ ಬಗ್ಗಿ ನೋಡಿದ. ಫ್ಯಾನಿನ ವೈರು ಹಿಂದೆ ಯಾರೋ ಅದಲು ಬದಲು ಮಾಡಿದ್ದರು. ಇವನು ಬಣ್ಣ ನಂಬಿ ಜೋಡಿಸಿದ್ದ. ತಲೆ ಬಿಸಿಯ ಮನುಷ್ಯ ಈಗ ಯಾರ ಮೇಲೆ ಹಾರುತ್ತಾನೋ ಎಂದು ಎಲ್ಲರೂ ಕಾದರು. ಅವನು ಇಂಜಿನ್ ಆರಿಸಿ, ಎರಡು ವೈರು ಬಿಚ್ಚಿ ತಿರುಗಿಸಿ ಜೋಡಿಸಿದ. ಮತ್ತೆ ಚಾಲೂ ಮಾಡಿ ಅಕ್ಕನ ಮುಂದೆ ಕೈಚಾಚಿದ.

"ಆ ಬಟ್ಟೆ ಕೊಡಿ."

ದಿಂಬಿನ ಕವರನ್ನು ಬಂಡಿಯ ಮುಂದಿನ ಜಾಲರಿಗೆ ಹಿಡಿದು ಕೈಬಿಟ್ಟ. ಅದು ತಾಯಿಯ ಮೈಗೆ ಮಗು ಅಂಟಿದಂತೆ ಗಪ್ಪನೆ ಅಂಟಿಕೊಂಡಿತು. ಬಟ್ಟೆ ತೆಗೆದ ಮೇಲೆ ಮುಳ್ಳು ಇಳಿಯತೊಡಗಿತು.

"ತಪ್ಪು ನಂದು," ಎಂದ ತಂಪಣ್ಣ, ಮೈದುನನಿಗೂ ಕೇಳುವಷ್ಟು ಗಟ್ಟಿಯಾಗಿ. "ಬಂಡಿ ಚೆನ್ನಾಗಿದೆ."

ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತಲೇ ಇತ್ತು. "ನೋಡಿ, ದೆವ್ವ ಹಿಡಿದಿದೆ!" ಎಂದ ಮೈದುನ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ.

"ಪಾತ್ರೆ ಇಳಿಸಿದ ಮೇಲೂ ಒಲೆ ಬಿಸಿ ಇರಲ್ವೇನಪ್ಪಾ?" ಎಂದಳು ತಂಪಣ್ಣನ ಹೆಂಡತಿ. ಅವಳ ಬಾಯಿ ಮರಳಿ ಬಂದಿತ್ತು. "ಅದೂ ಆರಿದ ಮೇಲೆ ನಿಲ್ಲುತ್ತೆ. ನೀನೂ ಆರ್ಕೋ."

ಮರುದಿನ ಗೇಟು ಬಿತ್ತು. ಅಕ್ಕ ಸಾಲಿನಲ್ಲಿ ನಿಂತು, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಮುಳ್ಳನ್ನೇ ನೋಡುತ್ತಿದ್ದಳು. ಒಳಗೆಲ್ಲೋ ಫ್ಯಾನು ಎದ್ದಿತು, ಮುಳ್ಳು ತಲೆ ತಗ್ಗಿಸಿತು. ಬ್ರೆಡ್ ವ್ಯಾನಿನವನು ಪಕ್ಕದಿಂದ ಇಣುಕಿದ. "ಏನಕ್ಕಾ, ಇವತ್ತು ಒಲೆ ಹಚ್ಚಿಲ್ವಾ?" ಚಾದರಗಳು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದವು. ಗುಜರಿಯ ಮಾತು ಮೈದುನನ ಬಾಯಲ್ಲೇ ತುಕ್ಕು ಹಿಡಿಯಿತು.

ಆ ದಿಂಬಿನ ಕವರನ್ನು ತಂಪಣ್ಣ ಹಿಂದಿರುಗಿಸಲೇ ಇಲ್ಲ. ಅಂಗಡಿಯ ಮೊಳೆಗೆ ತೂಗುಹಾಕಿಕೊಂಡ. ಯಾವ ಬಂಡಿಗೆ ಫ್ಯಾನು ಕೂರಿಸಿದರೂ ಆ ಬಟ್ಟೆ ಅಂಟಿದ ಮೇಲೇ ಕೆಲಸ ಮುಗಿಯಿತು ಎನ್ನುತ್ತಿದ್ದ. ಏನಿದು ಎಂದು ಯಾರಾದರೂ ಕೇಳಿದರೆ, ತನ್ನ ತಪ್ಪಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿ, "ಲಾಂಡ್ರಿ ಅಕ್ಕ ಕಲಿಸಿದ್ದು" ಎಂದು ಮುಗಿಸುತ್ತಿದ್ದ. ಕೈಗುಣ ಇರುವವರು ಬೇಕಾದಷ್ಟು ಜನ ಸಿಗುತ್ತಾರೆ. ತಾನು ಎಡವಿದ ಕಲ್ಲನ್ನು ತೊಳೆದು ಅಂಗಡಿಯ ಮುಂದೆ ಇಟ್ಟುಕೊಳ್ಳುವವರು ಸಿಗುವುದಿಲ್ಲ.

ವರ್ಷಗಳು ಕಳೆದವು. ತಂಪಣ್ಣ ಹಾಸಿಗೆ ಹಿಡಿದ. ಅಕ್ಕ ನೋಡಲು ಹೋದಾಗ ಅವನ ಹೆಂಡತಿ ಹೊರಗೆ ಯಾರದೋ ಬಂಡಿಯ ಕೆಳಗೆ ಮಲಗಿ, ಬೈಯುತ್ತಾ ಬೋಲ್ಟು ಬಿಗಿಯುತ್ತಿದ್ದಳು. ಅಕ್ಕ ಮಂಚದ ಬಲಬದಿಗೆ ಬಂದು ಕುಳಿತಳು. ಅವನು ಕೊನೆಯದಾಗಿ ಅವಳನ್ನು ಏನಾದರೂ ಕೇಳಿದ್ದು ಆ ಮಧ್ಯಾಹ್ನವೇ.

"ಅಕ್ಕಾ, ಆ ಕವರ್ ಜಾಳುಜಾಳಾಗಿದೆ. ಗಾಳಿ ಅದರೊಳಗೇ ತೂರಿ ಹೋಗುತ್ತೆ, ಅಂಟಲ್ಲ. ಇವಳು ಇನ್ನೂ ಎಷ್ಟೋ ಬಂಡಿ ಮಾಡ್ಬೇಕು. ಇನ್ನೊಂದು ತಂದ್ಕೊಡ್ತೀರಾ?"

"ನಾಳೆ ಬೆಳಿಗ್ಗೆನೇ ತರ್ತೀನಿ ಅಣ್ಣಾ. ಹೊಸದೇ ತರ್ತೀನಿ."

ಬಾಗಿಲವರೆಗೆ ಹೋದವಳನ್ನು ಅವನು ಮತ್ತೆ ಕರೆದ.

"ಗಂಜಿ ಮಾತ್ರ ಹಾಕ್ಬೇಡಿ. ಗಂಜಿ ಹಾಕಿದ ಬಟ್ಟೆ ಗಾಳಿ ಇಲ್ದೇ ಇದ್ರೂ ನೆಟ್ಟಗೆ ನಿಂತು ಸುಳ್ಳು ಹೇಳುತ್ತೆ."